ಮುಂದಿನ ಕುಣಿ

"ಕುಣಿ ಎಲ್ಲಿ ತಗೀಬೇಕ್ರಿ, ಅವ್ವಾರ?"

ಹಿತ್ತಲ ಬಾಗಿಲ ಆಚೆ ನಿಂತು ಫಕ್ಕೀರೇಶ ಕೇಳಿದಾಗ ನೀಲಗಂಗವ್ವ ಗಂಡನ ಗದ್ದಕ್ಕೆ ಬಟ್ಟೆ ಕಟ್ಟುತ್ತಿದ್ದಳು. ಜೀವ ಹೋಗಿ ಬಹಳ ಹೊತ್ತಾಗಿರಲಿಲ್ಲ. ಮೈ ಸೆಟೆಯುವುದರೊಳಗೆ ಕಾಲು ಮಡಿಸಿ ಗೋಡೆಗೆ ಆನಿಸಿ ಕೂಡಿಸಬೇಕು. ಲಿಂಗವಂತರ ಹೆಣ ಮಲಗಿ ಹೋಗುವುದಿಲ್ಲ, ಕುಳಿತೇ ಹೋಗುತ್ತದೆ. ಮಗಳು ರೇಣುಕಾ ಅಪ್ಪನ ಬೆನ್ನಿಗೆ ಹೆಗಲು ಕೊಟ್ಟು ಹಿಡಿದಿದ್ದಳು. ಐದು ವರ್ಷ ಮಂಡಲ ಪಂಚಾಯತಿಯ ಪ್ರಧಾನನಾಗಿದ್ದ ಮಾಲತೇಶಪ್ಪ ಕುರ್ಚಿಯಲ್ಲಿ ಒಂದು ದಿನವೂ ನೆಟ್ಟಗೆ ಕುಳಿತವನಲ್ಲ. ಈಗಲೂ ಒಂದು ಕಡೆಗೇ ವಾಲುತ್ತಿದ್ದ.

"ಸಾರ್ವಜನಿಕದಾಗ ತಗೀರಿ," ಎಂದಳು ನೀಲಗಂಗವ್ವ.

ಫಕ್ಕೀರೇಶ ಅಲ್ಲಾಡದೆ ನಿಂತ. ಹುಣಸಿಕೊಪ್ಪದಲ್ಲಿ ಯಾರು ಸತ್ತರೂ ಕುಣಿ ತೋಡುವುದು, ಹೆಣದ ಮುಂದೆ ಹಲಗಿ ಬಾರಿಸುವುದು ಅವನ ಕೇರಿಯವರ ಕೆಲಸ. ಮೇಲಿನ ಓಣಿಯವರಿಗೆ ಅವರವರ ಹೊಲದಲ್ಲೇ ಎಷ್ಟೋ ಕುಣಿ ತೋಡಿದ್ದ. ಲಿಂಗವಂತರ ಮನೆಯಿಂದ ಈ ಮಾತು ಕೇಳಿದ್ದು ಮಾತ್ರ ಇದೇ ಮೊದಲು.

"ನಮ್ಮವರದು ಐತೆಲ್ರಿ, ಗುಡ್ಡದ ಬಾಜೂಕ... ಅಲ್ಲೇನ್ರಿ?"

"ಅಲ್ಲೇ. ನಿಮ್ಮಪ್ಪನ ಬಾಜೂಕ. ಅವರ ಮಾತು ಹಂಗ ಐತಿ. ನಿಮ್ಮವ್ವಗ ಗೊತ್ತೈತಿ, ಕೇಳು."

"ನನಗೂ ಗೊತ್ತೈತ್ರಿ. ಖರೇ, ಸಿದ್ದಲಿಂಗಪ್ಪನವರನ್ನ ಒಂದ ಮಾತು ಕೇಳಿದ್ರ..."

"ಸತ್ತಾವ ನನ್ನ ಗಂಡ. ಮೈದುನನ್ನ ಕೇಳೂದೇನೈತಿ? ಅಲ್ಲಿ ನೆಲ ಗಟ್ಟಿ, ಲಗೂ ಹೋಗ್ರಿ."

ಅವನು ಹೋದ. ನೀಲಗಂಗವ್ವನಿಗೆ ತನ್ನ ದನಿ ಕೇಳಿ ತನಗೇ ಸೋಜಿಗವಾಯಿತು. ಇಷ್ಟು ಧೈರ್ಯ ಎಲ್ಲಿತ್ತೋ ಏನೋ. ಬೇಡ ಅನ್ನುವವರು ಯಾರೂ ಇನ್ನೂ ಬಂದಿರಲಿಲ್ಲ, ಧೈರ್ಯಕ್ಕೆ ಅದೇ ಕಾರಣ ಎಂಬುದು ಆಗ ಅವಳಿಗೆ ಹೊಳೆಯಲಿಲ್ಲ.

ಸಾರ್ವಜನಿಕ ಎಂದರೆ ಸಾರ್ವಜನಿಕ ರುದ್ರಭೂಮಿ. ಸಕಲ ಜಾತಿಯವರಿಗೂ ಒಂದೇ ಎಂದು ಮಾಲತೇಶಪ್ಪ ತನ್ನ ಕಾಲದಲ್ಲಿ ಮಾಡಿಸಿದ್ದು. ತಗಡಿನ ಬೋರ್ಡು ಇನ್ನೂ ಇತ್ತು, ಅಕ್ಷರ ಮಾತ್ರ ತುಕ್ಕು ತಿಂದಿತ್ತು. ಸಕಲ ಜಾತಿಯವರಲ್ಲಿ ಅಲ್ಲಿಗೆ ಹೋದವರು ಕೇರಿಯವರು ಮಾತ್ರ. ಹೀಗಾಗಿ ಊರ ಬಾಯಲ್ಲಿ ಅದು ಕೇರಿಯವರ ಸುಡುಗಾಡೇ ಆಗಿ ಉಳಿಯಿತು.

ಬಿಸಿಲೇರುವಷ್ಟರಲ್ಲಿ ಮಂದಿ ನೆರೆಯತೊಡಗಿದರು. ಬ್ಯಾಡಗಿ ಸೀಮೆಯಲ್ಲಿ ಅದು ಮೆಣಸಿನಕಾಯಿ ಒಣಗಿಸುವ ಕಾಲ. ಅಂಗಳದ ತುಂಬ ಹರವಿದ್ದ ಕಾಯಿಯನ್ನು ಗಡಿಬಿಡಿಯಲ್ಲಿ ಬಾಚಿ ಮೂಲೆಗೆ ಒಟ್ಟಿ ಅಲ್ಲೇ ಜಮಖಾನೆ ಹಾಸಿದರು. ಘಾಟು ಎದ್ದಿತು. ಬಂದವರೆಲ್ಲ ಸೀನುತ್ತ, ಕಣ್ಣು ಒರೆಸುತ್ತ ಕುಳಿತರು. ಅಳು ಬಾರದವರ ಮರ್ಯಾದೆಯನ್ನೂ ಮೆಣಸಿನಕಾಯಿ ಕಾಯ್ದಿತು.

"ಪ್ರಧಾನ್ರು ಹ್ವಾದ್ರು ನೋಡು."

"ಪ್ರಧಾನಕಿ ಹೋಗಿ ಯಾವ ಕಾಲ ಆತು. ಈಗ ಹೋಗ್ಯಾನಲ್ಲ, ಮಾಲತೇಶಪ್ಪ."

"ಛಲೋ ಮನಷ್ಯಾ ಬಿಡಪ. ಒಬ್ಬರಿಗೆ ಕೆಟ್ಟ ಅಂದಾವಲ್ಲ."

"ಛಲೋ ಅನ್ನೂದು ಖರೇ. ಉಪಯೋಗ ಏನಾತು ಅಂತ ಕೇಳಬ್ಯಾಡ."

ಒಳಗೆ ಕುಳಿತ ನೀಲಗಂಗವ್ವನಿಗೆ ಎಲ್ಲವೂ ಕೇಳಿಸುತ್ತಿತ್ತು. ಸಿಟ್ಟು ಬರಲಿಲ್ಲ. ಹೆಚ್ಚುಕಡಿಮೆ ಇದೇ ಮಾತನ್ನು ಅವಳು ಗಂಡನ ಎದುರಿಗೇ ಆಡಿದ್ದಳು.

*

ಎಂಬತ್ತೇಳರಲ್ಲಿ ಸರಕಾರ ಹೊಸ ಕಾಯ್ದೆಯಂತೆ ಚುನಾವಣೆ ಮಾಡಿ ನಾಲ್ಕಾರು ಊರಿಗೊಂದು ಮಂಡಲ, ಮಂಡಲಕ್ಕೊಬ್ಬ ಪ್ರಧಾನ ಎಂದಾಗ ಹುಣಸಿಕೊಪ್ಪದ ಎರಡೂ ಪಾರ್ಟಿಯವರಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಇಬ್ಬರಿಗೂ ಬೇಡವಾಗದವನು ಮಾಲತೇಶಪ್ಪ ಒಬ್ಬನೇ. ಎರಡು ಎಕರೆ ಬೆದ್ದಲು, ಊರ ಮುಂದೆ ಒಂದು ಸಣ್ಣ ಹಿಟ್ಟಿನ ಗಿರಣಿ. ತಲೆ ಮೇಲೆ ಬಿಳಿ ಧೂಳು ಹೊತ್ತೇ ಹೋಗಿ ಪ್ರಧಾನನಾಗಿ ಬಂದ.

ಹಾವೇರಿಯಲ್ಲಿ ಹೊಸ ಪ್ರಧಾನರಿಗೆಲ್ಲ ತರಬೇತಿ ಇಟ್ಟಿದ್ದರು. ಬಾಕಿಯವರು ಊಟ ಮಾಡಿ ಪೇಟೆ ತಿರುಗಿ ಬಂದರೆ ಇವನು ಭಾಷಣವನ್ನೆಲ್ಲ ಕೇಳಿ ಬಂದ. ರಾಣೆಬೆನ್ನೂರಿನ ಕಾಲೇಜಿನ ಇತಿಹಾಸದ ಮಾಸ್ತರರೊಬ್ಬರು ಏನೋ ಹೇಳಿದ್ದರು. ಅದು ಇವನ ತಲೆಯೊಳಗೆ ಹೊಕ್ಕಿತ್ತು. ಕಾಲಿಗೆ ನೀರು ಹಾಕಿಕೊಳ್ಳುತ್ತಲೇ ಶುರು ಮಾಡಿದ.

"ನೀಲಾ, ಕೇಳಿಲ್ಲಿ. ಜರ್ಮನಿಯೊಳಗ ರೈನ್ ಅಂತ ಒಂದು ಹೊಳಿ ಐತಿ, ನಮ್ಮ ತುಂಗಭದ್ರಿ ಇದ್ದಂಗ. ಅದರ ದಂಡಿ ಊರೆಲ್ಲಾ ಒಬ್ಬೊಬ್ಬ ದೊರಿ, ಒಬ್ಬೊಬ್ಬ ಮಠದ ಸ್ವಾಮಿ ಕೈಯಾಗ ಇದ್ದೂವಂತ. ಇಲ್ಲೊಂದು ಕಾಯ್ದೆ, ಹಳ್ಳ ದಾಟಿದ್ರ ಇನ್ನೊಂದು. ಫ್ರೆಂಚರು ಬಂದು ಊರು ಹಿಡಕೊಂಡ್ರು. ದೊರಿಗೋಳನ್ನ ತಗದು, ನಾಕಾರು ಊರು ಕೂಡಿಸಿ ಒಂದ ಕಚೇರಿ, ಒಬ್ಬ ಮುಖ್ಯಸ್ಥ ಅಂತ ಮಾಡಿದ್ರು. ಥೇಟ್ ನಮ್ಮ ಮಂಡಲ ಇದ್ದಂಗ. ಗುಡಿಯೊಳಗ, ಊರೊಳಗ ಹೆಣಾ ಹುಗಿಯೂದು ಸೈತ ಬಂದ್ ಮಾಡಿ, ಊರ ಹೊರಗ ಜಾಗಾ ಮಾಡಿದ್ರಂತ."

"ಊರವರು ಕೇಳಿದ್ರು?"

"ಕೇಳದ ಏನ್ ಮಾಡ್ತಾರ? ಫ್ರೆಂಚರ ಕೈಯಾಗ ಬಂದೂಕು ಇತ್ತು."

"ನಿಮ್ಮ ಕೈಯಾಗ ಏನೈತಿ?"

ಮಾಲತೇಶಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೆಮ್ಮೆಯಿಂದ ಹೇಳಿದ, "ಠರಾವು."

ನೀಲಗಂಗವ್ವ ನಕ್ಕುಬಿಟ್ಟಳು. ಆಮೇಲೆ ಕೇಳಿದಳು, "ಫ್ರೆಂಚರು ಹ್ವಾದ ಮ್ಯಾಲೆ ಏನಾತು?"

"ಅದನ್ನ ಕೇಳಬೇಕಂತಿದ್ದೆ. ಊಟದ ಗಂಟಿ ಬಾರಿಸಿಬಿಟ್ರು."

ಠರಾವು ಮರುವರ್ಷ ಮಂಡಲದ ಸಭೆಯಲ್ಲಿ ಪಾಸಾಯಿತು. ಮಂಡಲದ ಆಫೀಸು ಕಟ್ಟಲು ಬಸ್ಸು ನಿಲ್ಲುವಲ್ಲಿ ಜಾಗ ಬೇಕಿತ್ತು. ಅಲ್ಲಿ ಇದ್ದದ್ದು ಕೇರಿಯವರ ಹೂಳುವ ಜಾಗ ಒಂದೇ, ಅವರ ಅಜ್ಜ ಮುತ್ತಜ್ಜರ ಕಾಲದ್ದು. ಅಲ್ಲಿ ಆಫೀಸು, ಗುಡ್ಡದ ಪಕ್ಕದ ಸರಕಾರಿ ನೆಲದಲ್ಲಿ ಸಕಲ ಜಾತಿಯವರಿಗೂ ಒಂದೇ ರುದ್ರಭೂಮಿ. ಇನ್ನು ಮೇಲೆ ಈ ಜಾತಿಯವರು ಅಲ್ಲಿ, ಆ ಜಾತಿಯವರು ಇಲ್ಲಿ ಎಂಬುದಿಲ್ಲ. ಮಾಲತೇಶಪ್ಪ ಎದ್ದು ನಿಂತು ಓದಿದಾಗ ಸದಸ್ಯರೆಲ್ಲ ಕೈ ಎತ್ತಿದರು. ಜಗಳವಿಲ್ಲದೆ ಚಹಾ ಕೂಡ ಕುಡಿಯದ ಸಭೆ ಅದು. ಕೇರಿಯ ಸದಸ್ಯ ಅಂಜಿನಪ್ಪ, ಎಂದರೆ ಈ ಫಕ್ಕೀರೇಶನ ಅಪ್ಪ, ಅವನೂ ಕೈ ಎತ್ತಿದ. ಪ್ರಧಾನರು ಹೇಳ್ಯಾರಂದ್ರ ನಮ್ಮ ಛಲೋದಕ್ಕ ಇರತೈತಿ ಎಂದ.

"ಒಬ್ಬರೂ ಬ್ಯಾಡ ಅನಲಿಲ್ಲ ನೀಲಾ," ಎಂದು ಮಾಲತೇಶಪ್ಪ ಮನೆಗೆ ಬಂದು ಕುಣಿದಾಡಿದ.

ನೀಲಗಂಗವ್ವ ರೊಟ್ಟಿ ಬಡಿಯುತ್ತಿದ್ದಳು. "ಯಾಕ ಬ್ಯಾಡ ಅಂತಾರ? ಕೈ ಎತ್ತಿದವರಿಗೆಲ್ಲಾ ಹೊಲ ಐತಿ, ಹೊಲದಾಗ ಹುಗಿಸ್ಕೋತಾರ. ಹೊಲ ಇಲ್ಲದಾವ ಅಂಜಿನಪ್ಪ ಒಬ್ಬಾವ. ಇದ್ದದ್ದೂ ಕಳಕೊಂಡ."

ಮಾಲತೇಶಪ್ಪನ ಮುಖ ಇಳಿಯಿತು. ಇದು ಅವನಿಗೆ ಹೊಳೆದೇ ಇರಲಿಲ್ಲ. ಅವನ ಬದುಕಿನ ದೊಡ್ಡ ತಪ್ಪು ಅದೇ. ದುಷ್ಟತನದಿಂದ ಆದದ್ದಾಗಿದ್ದರೆ ಮರೆತಾದರೂ ಮರೆಯುತ್ತಿದ್ದ. ಬಡಿಸಿದ ರೊಟ್ಟಿಯ ತಾಟು ಆಚೆ ಸರಿಸಿ ಹೇಳಿದ, "ಇನ್ನ ಮುಂದ ನಮ್ಮನ್ಯಾಗ ಯಾರರ ಹ್ವಾದ್ರ ಅಲ್ಲೇ ಒಯ್ಯೂಣು. ನಾವು ಹ್ವಾದ್ರ ಎಲ್ಲಾರೂ ಬರ್ತಾರ."

ಮರುವರ್ಷ ಅವನ ತಾಯಿಯೇ ಹೋದಳು. ಅಣ್ಣ ಕೇಳುವುದರೊಳಗೆ ತಮ್ಮ ಸಿದ್ದಲಿಂಗಪ್ಪ ತನ್ನ ಹೊಲದಲ್ಲಿ ಕುಣಿ ತೋಡಿಸಿದ್ದ. ಅವ್ವನ ಹೆಣದ ಮುಂದೆ ಠರಾವಿನ ಮಾತು ಎತ್ತಲು ಮಾಲತೇಶಪ್ಪನಿಗೆ ಬಾಯಿ ಬರಲಿಲ್ಲ. ಪ್ರಧಾನನ ತಾಯಿ ಹೊಲಕ್ಕೆ ಹೋದ ಮೇಲೆ ರುದ್ರಭೂಮಿಗೆ ಹೋಗಲು ಊರಿಗೇನು ಹುಚ್ಚೇ?

*

"ಅತ್ತಿಗಿ, ಕುಣಿ ಎಲ್ಲಿ ತಗ್ಯಾಕ ಹೇಳೀದಿ?"

ಸಿದ್ದಲಿಂಗಪ್ಪ ಒಳಗೆ ಬಂದು ಬಾಗಿಲು ಮುಂದಕ್ಕೆ ಮಾಡಿದ. ಅಣ್ಣನನ್ನು ರಾಣೆಬೆನ್ನೂರಿನ ದವಾಖಾನೆಗೆ ಹೊತ್ತು ತಿರುಗಿದವನು ಅವನೇ. ಕಣ್ಣು ಕೆಂಪಗಿದ್ದವು, ಮೆಣಸಿನಕಾಯಿಗೆ ಮಾತ್ರ ಕೆಂಪಾದ ಕಣ್ಣಲ್ಲ. ಅವನ ಹಿಂದೆ ಅವನ ಹೆಂಡತಿ ಕರೆವ್ವ.

"ಅವರು ಹೇಳಿದಲ್ಲಿ," ಎಂದಳು ನೀಲಗಂಗವ್ವ.

"ಅಂವಾ ಮದ್ಲಿಂದ ಹಂಗ. ಅಂವಗ ಊರು ಮೊದಲು, ಮನಿ ಆಮ್ಯಾಲೆ. ನಾ ಅವ್ವನ ಬಾಜೂಕ ಜಾಗಾ ಬಿಟ್ಟೇನಿ. ಬೆಳಿ ಹಚ್ಚಿಲ್ಲ, ನೇಗಿಲಾ ಹೊಡದಿಲ್ಲ. ಅಣ್ಣಗ ಅಂತ ಬಿಟ್ಟೇನಿ. ಅಂವನ್ನ ಒಯ್ದು ಆ ಗರಸು ಮಣ್ಣಾಗ, ಗುರುತಿಲ್ಲದವರ ನಡುವ..."

"ಗುರುತಿಲ್ಲದವರ? ನಮ್ಮ ನಿಮ್ಮ ಕುಣಿ ಎಲ್ಲಾ ತೋಡಿದವರ ಅಲ್ಲಿ ಮಲಗ್ಯಾರ."

ಮಾತಿಗೆ ಕರೆವ್ವ ಮುಂದೆ ಬಂದಳು. "ಎಕ್ಕಾ, ಹೊರಗ ಗುತ್ತಲದ ಬೀಗರು ಬಂದು ಕುಂತಾರ. ನಾಗಪ್ಪನವರು ಈಗರ ಕೇಳಿದ್ರು, ಮಣ್ಣು ಎಲ್ಲಿ ಮಾಡ್ತೀರಿ ಅಂತ. ಸುಮ್ನ ಕೇಳಿದ್ದಲ್ಲ ಅದು. ಯಾರೋ ಹೇಳ್ಯಾರ ಅವರಿಗೆ. ರೇಣುಕಾನ ಲಗ್ನ ಮುಂದಿನ ತಿಂಗಳ. ಒಮ್ಮಿ ಮುರದು ಬಿದ್ದದ್ದು ನೆನಪೈತಿ ಹೌದಿಲ್ಲೋ? ನಾಳೆ ನಮ್ಮ ಹುಡುಗನ ಮಾವನ ಸಮಾಧಿ ಹರಿಜನ ಕೇರಿಯವರ ಸುಡುಗಾಡಿನಾಗ ಐತಿ ಅಂತ ಅವರು ಮಂದಿಗೆ ಹೇಳ್ಕೊಂತಾರನು?"

ನೀಲಗಂಗವ್ವ ಮಗಳ ಕಡೆ ನೋಡಿದಳು. ರೇಣುಕಾ ಅಪ್ಪನ ಹಣೆಗೆ ವಿಭೂತಿ ಬಳಿಯುತ್ತಿದ್ದಳು. ಮೂವತ್ತು ಹತ್ತಿರ ಬಂದಿತ್ತು ಅವಳಿಗೆ. ಹಿಂದಿನ ಸಂಬಂಧ, ಪ್ರಧಾನರ ಮನೆ ಎಂದರೆ ಭಾರೀ ಇರಬೇಕೆಂದು ನಂಬಿ ಬಂದವರದು. ಮನೆ ನೋಡಿ ಹಿಂದಕ್ಕೆ ಹೋಗಿದ್ದರು. ಗುತ್ತಲದ ನಾಗಪ್ಪ ಕಿರಾಣಿ ಅಂಗಡಿಯವನು, ಏನೂ ಬೇಡ, ಹುಡುಗಿ ಸಾಕು ಎಂದಿದ್ದ. ಅಂಥ ಬೀಗ ಸಿಗುವುದು ಎತ್ತು ಕರು ಹಾಕಿದಷ್ಟೇ ಅಪರೂಪ.

"ಅಪ್ಪ ಹೇಳಿದಂಗ ಮಾಡವ್ವಾ," ಎಂದಳು ರೇಣುಕಾ, ತಲೆ ಎತ್ತದೆ. "ಗುತ್ತಲದವರು ಹ್ವಾದ್ರ ಹೋಗ್ಲಿ."

ನೀಲಗಂಗವ್ವನ ಎದೆ ತುಂಬಿ ಬಂತು. ಅದರ ಬೆನ್ನಿಗೇ ಅಂಜಿಕೆಯೂ ಬಂತು. ಈಗ ಹೀಗೆ ಅನ್ನುತ್ತಾಳೆ. ನಾಳೆ ತಾನೂ ಹೋದ ಮೇಲೆ, ಈ ಗಿರಣಿಯ ಧೂಳಿನಲ್ಲಿ ಒಬ್ಬಳೇ ಕೂದಲು ನರೆಸಿಕೊಂಡು ಕುಳಿತಾಗ, ಯಾರನ್ನು ಬೈದಾಳು? ಸತ್ತ ಅಪ್ಪನನ್ನು ಬೈಯಲಿಕ್ಕಿಲ್ಲ. ತಡೆಯದೆ ಹೋದ ಅವ್ವನನ್ನೇ ಬೈದಾಳು.

*

ಅಂಜಿನಪ್ಪ ಸತ್ತದ್ದು ತೊಂಬತ್ತರ ಬೇಸಿಗೆಯಲ್ಲಿ. ಹೊಸ ರುದ್ರಭೂಮಿಗೆ ಮೊದಲ ಹೆಣ ಅವನದು. ಆಗ ಹಳೆಯ ಜಾಗದಲ್ಲಿ ಮಂಡಲದ ಆಫೀಸಿನ ಗೋಡೆ ಎದ್ದಿತ್ತು.

ಸುಡುಗಾಡಿನತನಕ ಹೆಣ್ಣುಮಕ್ಕಳು ಹೋಗುವ ವಾಡಿಕೆ ಕೇರಿಯಲ್ಲಿ ಉಂಟು. ಮೇಲಿನ ಓಣಿಯಿಂದ ಮಾಲತೇಶಪ್ಪ ಹೋದ. ಅವನ ಜೊತೆಗೆ ನೀಲಗಂಗವ್ವನೂ ಹೋದಳು, ಅಂಜಿನಪ್ಪನ ಹೆಂಡತಿ ಮೈಲವ್ವ ತಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದವಳೆಂದು. ನೆಲವೋ ಕಲ್ಲು. ಹಾರೆ ಹೊಡೆದರೆ ಕಿಡಿ ಹಾರುತ್ತಿತ್ತು. ತೋಡುವವರು ದಣಿದು ಕೂತಾಗ ಮಾಲತೇಶಪ್ಪ ಅಂಗಿ ಕಳಚಿ ತಾನೇ ಹಾರೆ ಹಿಡಿದ. ಗಿರಣಿಯವನ ಕೈ, ನಾಲ್ಕು ಏಟಿಗೆ ಬೊಬ್ಬೆ ಎದ್ದವು. ಮೊಣಕಾಲುದ್ದ ಕುಣಿ ಮಾಡಲು ಮಧ್ಯಾಹ್ನವಾಯಿತು. ಅಷ್ಟರಲ್ಲೇ ಅಂಜಿನಪ್ಪನನ್ನು ಮಲಗಿಸಿದರು.

ಮೈಲವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಣ್ಣು ಹಾಕಿದ ಮೇಲೆ ಮೆಲ್ಲಗೆ ಕೇಳಿದಳು.

"ನಮ್ಮತ್ತಿ, ನಮ್ಮ ಮಾವ, ನನ್ನ ಕೂಸು ಎಲ್ಲಾ ನಿಮ್ಮ ಆಪೀಸಿನ ಬುಡಕ ಅದಾವ್ರಿ. ಇವರೊಬ್ಬರನ್ನ ಇಷ್ಟ ದೂರ ತಂದು ಇಟ್ವಿ. ಇವರಿಗೆ ಯಾರ್ರಿ ಜೋಡಿ?"

"ನಾ ಬರ್ತೇನಿ ಮೈಲವ್ವಾ," ಎಂದ ಮಾಲತೇಶಪ್ಪ, ಎಲ್ಲರ ಎದುರಿಗೆ. "ಅಂಜಿನಪ್ಪನ ಬಾಜೂಕ ಮುಂದಿನ ಕುಣಿ ನಂದು. ನಾ ಬಂದ್ರ ಊರು ಬರತೈತಿ."

ಮೈಲವ್ವ ಆ ಮಾತನ್ನು ನಂಬಿದಳು. ಅಂಜಿನಪ್ಪನ ಬಲಗಡೆ ಒಂದು ಆಳಿನಷ್ಟು ಜಾಗ ಬಿಟ್ಟು ಕಲ್ಲು ನೆಡಿಸಿದಳು. ಆಮೇಲೆ ಕೇರಿಯಲ್ಲಿ ಸತ್ತವರನ್ನೆಲ್ಲ ಅದರ ಆಚೆಗೇ ಹೂಳಿದರು. ಪ್ರಧಾನರ ಜಾಗಕ್ಕೆ ಯಾರೂ ಕಾಲಿಡಲಿಲ್ಲ.

ಆದರೆ ಪ್ರಧಾನಕಿಯೇ ಉಳಿಯಲಿಲ್ಲ. ಅವಧಿ ಮುಗಿಯಿತು, ಮಂಡಲಕ್ಕೆ ಆಡಳಿತಾಧಿಕಾರಿ ಬಂದ. ಇನ್ನೊಂದು ಸರಕಾರ, ಇನ್ನೊಂದು ಕಾಯ್ದೆ. ಮಂಡಲ ಒಡೆದು ಗ್ರಾಮ ಪಂಚಾಯತಿಗಳಾದವು, ಹುಣಸಿಕೊಪ್ಪ ಪಕ್ಕದೂರಿನ ಪಂಚಾಯತಿಗೆ ಸೇರಿತು. ಛಾವಣಿ ಕಂಡ ಆಫೀಸು ಕುರ್ಚಿ ಕಾಣಲಿಲ್ಲ. ಬ್ಯಾಡಗಿಯ ವ್ಯಾಪಾರಿಯೊಬ್ಬ ಅದರೊಳಗೆ ಮೆಣಸಿನಕಾಯಿ ಚೀಲ ಒಟ್ಟಿಸಿದ. ಕೇರಿಯವರ ಹಿರಿಯರ ಮೇಲೆ ಈಗ ಖಾರ ಕುಳಿತಿತ್ತು.

ಆಮೇಲೆ ಯಾರಾದರೂ ಹಾಸ್ಯಕ್ಕೆ "ಏನ್ರಿ ಪ್ರಧಾನ್ರ" ಎಂದರೂ ಮಾಲತೇಶಪ್ಪ ಹಾಸ್ಯವೆಂದು ತಿಳಿಯದೆ ನಿಂತು ಮಾತಾಡುತ್ತಿದ್ದ. ತಿಳಿದೂ ನಿಲ್ಲುತ್ತಿದ್ದನೋ ಏನೋ. ಬಸ್ಸಿಗೆ ಹೋಗುವಾಗ ಆಫೀಸಿನ ಮುಂದೆ ಹಾಯಲಾರದೆ ಹೊಲದ ಬದುವಿನ ಮೇಲೆ ಸುತ್ತು ಹಾಕಿ ಹೋಗುತ್ತಿದ್ದ. ಎದೆ ಕಟ್ಟಿ ಹಾಸಿಗೆ ಹಿಡಿದ ಮೇಲೆ ಬೇರೆ ಮಾತೇ ಇರಲಿಲ್ಲ. ಹೋಗುವ ಹಿಂದಿನ ಸಂಜೆ ನೀಲಗಂಗವ್ವ ಗಂಜಿ ಕುಡಿಸುತ್ತಿದ್ದಾಗ ಅವಳ ಕೈ ಹಿಡಿದುಕೊಂಡ.

"ಅವ್ವನ ಹೊತ್ತಿನ್ಯಾಗ ನನಗ ಬಾಯಿ ಬರಲಿಲ್ಲ ನೀಲಾ. ಈಗ ಬಾಯಿ ಇರಂಗಿಲ್ಲ. ಈ ಠರಾವು ನಿನ್ನ ಕೈಯಾಗ ಐತಿ."

"ಆತು," ಎಂದಿದ್ದಳು. ಸುಳ್ಳು ಹೇಳಿರಲಿಲ್ಲ. ಆಗ ಅವಳು ಹಾಗೇ ಅಂದುಕೊಂಡಿದ್ದಳು.

*

ಹೆಣ ಕೂಡಿಸಿ ಒಯ್ಯುವ ವಿಮಾನ ಕಟ್ಟಿ ಮುಗಿಯಿತು. ಬಿದಿರಿನ ಕಮಾನು, ಬಾಳೆ ಎಲೆ, ಚೆಂಡು ಹೂವು. ಭಜನೆಯವರು ತಾಳ ನಿಲ್ಲಿಸಿದರು. ಹಿರೇಮಠದ ಅಯ್ಯನೋರು ಬಂದು ಕಂಬಳಿಯ ಮೇಲೆ ಕುಳಿತರು. ವಯಸ್ಸಾದವರು. ಮಣ್ಣಿಗಿಡುವ ಮೊದಲು ಹೆಣದ ತಲೆಯ ಮೇಲೆ ಅವರ ಪಾದ ಬಿದ್ದರೆ ಕ್ರಿಯೆ ಮುಗಿದಂತೆ, ಬೀಳದಿದ್ದರೆ ಇಲ್ಲ.

ಅದೇ ಹೊತ್ತಿಗೆ ಫಕ್ಕೀರೇಶ ಮೈಯೆಲ್ಲ ಮಣ್ಣಾಗಿ ಬಂದು ಅಂಗಳದ ಅಂಚಿನಲ್ಲಿ ನಿಂತ. ಅವನ ತಾಯಿ ಮೈಲವ್ವ ಆಗಲೇ ಗೋಡೆಯ ಬದಿಗೆ ಕುಳಿತಿದ್ದಳು.

"ಕುಣಿ ತಯಾರ್ ಐತ್ರಿ."

"ಎಲ್ಲಿ?" ಎಂದು ಯಾರೋ ಕೇಳಿದರು.

"ಸಾರ್ವಜನಿಕದಾಗ್ರಿ. ಅವ್ವಾರ ಹೇಳಿದ್ರು."

ಅಂಗಳದಲ್ಲಿ ಸೀನು ಕೂಡ ನಿಂತಿತು. ಆಮೇಲೆ ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು. ಹೆಗಲು ಕೊಡಂಗಿಲ್ಲ ಎಂದ ಒಬ್ಬ. ಸತ್ತ ಮ್ಯಾಲೂ ಪ್ರಧಾನಕಿ ಬಿಡವಲ್ಲ ಎಂದ ಇನ್ನೊಬ್ಬ. ಗುತ್ತಲದ ನಾಗಪ್ಪ ಬಾಯೊಳಗಿನ ಎಲೆಯಡಿಕೆಯನ್ನು ಎದ್ದು ಹೋಗಿ ಉಗಿದು ಬಂದ, ಆದರೆ ಕೂಡಲಿಲ್ಲ, ಚಪ್ಪಲಿಯ ಹತ್ತಿರವೇ ನಿಂತ.

ಅಯ್ಯನೋರು ಕೈ ಎತ್ತಿದರು. ಬಾಗಿಲಲ್ಲಿ ನಿಂತ ನೀಲಗಂಗವ್ವನನ್ನು ಕರೆದರು.

"ತಂಗಿ, ಸತ್ತವರ ಮಾತಿನ ಮುಂದ ನಮ್ಮದೆಲ್ಲಾ ಸಣ್ಣದು. ಮಾಲತೇಶಪ್ಪ ಹೋಗುವಾಗ ನಿನಗ ಏನರ ಹೇಳ್ಯಾನೇನು? ಹೇಳಿದ್ರ ಹೇಳು. ಅಂವಾ ಎಲ್ಲಿ ಅಂದಾನೋ ಅಲ್ಲಿ ನಾ ಬರ್ತೇನಿ. ಪಾದಾ ಅಲ್ಲೇ ಇಡ್ತೇನಿ. ಯಾರು ಹೆಗಲು ಕೊಡ್ತಾರ, ಯಾರು ಬಿಡ್ತಾರ, ಅವರವರಿಗೆ ಬಿಟ್ಟದ್ದು."

ಇದನ್ನು ನೀಲಗಂಗವ್ವ ಎಣಿಸಿರಲಿಲ್ಲ. ಅಯ್ಯನೋರು ಬೇಡ ಅಂದಾರು, ಮೈದುನ ಕೂಗಾಡ್ಯಾನು, ತಾನು ಅತ್ತು ಕರೆದು ಸೋತರೂ ತಪ್ಪು ತನ್ನದಾಗುವುದಿಲ್ಲ ಎಂದು ಒಳಗೊಳಗೇ ಅಂದುಕೊಂಡಿದ್ದಳು. ಈಗ ಅಡ್ಡ ನಿಂತವರು ಯಾರೂ ಇರಲಿಲ್ಲ. ಸಿದ್ದಲಿಂಗಪ್ಪ ಕೂಡ ನೆಲ ನೋಡುತ್ತಿದ್ದ. ಒಂದು ಹೌದು ಎಂದರೆ ಸಾಕಿತ್ತು.

ನಾಗಪ್ಪ ಒಂದು ಕಾಲನ್ನು ಚಪ್ಪಲಿಯೊಳಗೆ ತೂರಿಸಿದ್ದು ಅವಳಿಗೆ ಕಂಡಿತು. ಅಪ್ಪನ ಪಕ್ಕಕ್ಕೆ ನಿಂತ ರೇಣುಕಾ ಕಂಡಳು. ಗೋಡೆಯ ಬದಿಗೆ ಎದ್ದು ನಿಂತಿದ್ದ ಮೈಲವ್ವನ ಕಡೆ ಮಾತ್ರ ಅವಳು ನೋಡಲಿಲ್ಲ.

"ಏನೂ ಹೇಳಿಲ್ರಿ," ಎಂದಳು ನೀಲಗಂಗವ್ವ.

"ಏನೂ?"

"ಏನೂ ಇಲ್ರಿ. ಮುಂಜಾನೆ ನನಗ ಬುದ್ಧಿ ನೆಟ್ಟಗಿರಲಿಲ್ಲ. ಏನೋ ಅಂದ್ಬಿಟ್ಟೆ."

ರೇಣುಕಾ ಅವ್ವನನ್ನು ನೋಡಿದಳು. ಆ ನೋಟ ನೀಲಗಂಗವ್ವನಿಗೆ ಸಾಯುವತನಕ ಸಾಕಾಗುವಷ್ಟಿತ್ತು. ಅಂಗಳ ಉಸಿರು ಬಿಟ್ಟಿತು. ಪಾಪ, ದುಃಖದಾಗ ಅಂದಾಳ ಎಂದು ಹೆಂಗಸರು ಲೊಚಗುಟ್ಟಿದರು. ನಾಗಪ್ಪ ಚಪ್ಪಲಿಯಿಂದ ಕಾಲು ತೆಗೆದು ಬಂದು, ವಿಮಾನದ ಮುಂದಿನ ಕೊಂಬಿಗೆ ತಾನೇ ಹೆಗಲು ಕೊಡುತ್ತೇನೆ ಎಂದ. ಸಿದ್ದಲಿಂಗಪ್ಪ ಫಕ್ಕೀರೇಶನಿಗೆ ಹೇಳಿದ, "ನಾಕು ಮಂದಿ ಹೊಲಕ್ಕ ಓಡ್ರಿ. ಎರಿ ಮಣ್ಣು, ಲಗೂ ಆಗತೈತಿ. ಹಲಗಿ ಇಲ್ಲಿ ಬರಲಿ."

ನೀಲಗಂಗವ್ವ ಧೈರ್ಯ ಮಾಡಿ ಗೋಡೆಯ ಕಡೆ ಕಣ್ಣು ಹೊರಳಿಸಿದಾಗ ಮೈಲವ್ವ ಅಲ್ಲಿರಲಿಲ್ಲ.

*

ಹೊತ್ತು ಇಳಿಯುವಾಗ ವಿಮಾನ ಎದ್ದಿತು. ಮುಂದೆ ಹಲಗಿ, ಅದರ ಹಿಂದೆ ಭಜನೆ, ಕಮಾನಿನೊಳಗೆ ಮಾಲತೇಶಪ್ಪ ಹೂವಿನ ಭಾರಕ್ಕೆ ಒಂದು ಕಡೆ ವಾಲಿ ಕುಳಿತಿದ್ದ. ಹಲಗಿ ಬಾರಿಸುವವರಲ್ಲಿ ಮುಂದಿನವನು ಫಕ್ಕೀರೇಶ. ಮುಂಜಾನೆಯಿಂದ ಕಲ್ಲು ಕುಟ್ಟಿದ ಕೈ, ಆದರೂ ಏಟು ತಪ್ಪುತ್ತಿರಲಿಲ್ಲ. ಬಾರಿಸದೆ ಹೋದರೆ ನಾಳೆ ಊರಲ್ಲಿ ಕೂಲಿ ಸಿಗಬೇಡವೇ?

ಹೆಂಗಸರು ಊರ ಹೊರಗಿನ ಕವಲು ದಾರಿಯತನಕ ಬಂದು ಅಲ್ಲಿಂದ ತಿರುಗುವುದು ರೂಢಿ. ಬಲಕ್ಕೆ ಹೋದರೆ ಸಿದ್ದಲಿಂಗಪ್ಪನ ಹೊಲ, ಎಡಕ್ಕೆ ಹೋದರೆ ಗುಡ್ಡ. ಕರೆವ್ವ ನೀಲಗಂಗವ್ವನ ರಟ್ಟೆ ಹಿಡಿದು ನಡೆಸುತ್ತಿದ್ದಳು.

ಕವಲಿಗೆ ಬಂದಾಗ ಎಡದ ದಾರಿಯಲ್ಲಿ ಯಾರೋ ಒಬ್ಬಳು ಹೋಗುತ್ತಿರುವುದು ಕಂಡಿತು. ತಲೆಯ ಮೇಲೆ ಬಿಳಿ ಬಟ್ಟೆ ಸುತ್ತಿದ ಭಾರ. ಭಾರಕ್ಕೆ ಕುತ್ತಿಗೆ ಕುಸಿದಿತ್ತು.

"ಮೈಲವ್ವ ಅಲ್ಲನು? ಏನ್ ಹೊತ್ತಾಳ?" ಎಂದಳು ಯಾವಳೋ.

"ಒಳ್ಳುಕಲ್ಲು, ಖಾರ ಕುಟ್ಟೂದು," ಎಂದಳು ಕರೆವ್ವ, ದನಿ ತಗ್ಗಿಸಿ. "ತಗದ ಕುಣಿ ಖಾಲಿ ಬಿಡಬಾರದಲ್ಲ. ಬಿಟ್ರ ಅದು ತೋಡಿದವರ ಮನ್ಯಾಗಿಂದ ಒಬ್ಬರನ್ನ ಕೇಳತೈತಿ. ಅವರ ಕೈಯಾಗ ಬ್ಯಾರೆ ಏನೈತಿ, ಮನಿಯಾಗಿನ ಒಳ್ಳುಕಲ್ಲ ಒಯ್ದು ಹುಗೀತಾರ."

ಮೈಲವ್ವ ದಣಿದು ದಾರಿ ಬದಿಗೆ ಭಾರ ಇಳಿಸಿದಳು. ಬಟ್ಟೆ ಸರಿಯಿತು. ಕಲ್ಲಿನ ಮೈಗೆ ಮೂರು ಬೆರಳಿನ ವಿಭೂತಿ ಎಳೆದಿದ್ದಳು, ಲಿಂಗವಂತರ ಹಣೆಗೆ ಎಳೆಯುವಂತೆ. ಕೇರಿಯವರಲ್ಲಿ ಹೀಗೆ ಎಳೆಯುವ ರೂಢಿ ಇಲ್ಲ. ನೀಲಗಂಗವ್ವನ ಕಾಲು ನಿಂತುಬಿಟ್ಟವು.

"ನಡಿ ಎಕ್ಕಾ, ನಡಿ. ತಿರುಗಿ ನೋಡಬಾರದು," ಎಂದು ಕರೆವ್ವ ಜಗ್ಗಿದಳು.

ಹಲಗಿ ಬಲಕ್ಕೆ ಹೊರಳಿತು. ಫಕ್ಕೀರೇಶ ಎಡಕ್ಕೆ ಒಮ್ಮೆ ತಾಯಿಯ ಕಡೆ ನೋಡಿದ, ಕೈ ಮಾತ್ರ ಬಾರಿಸುತ್ತಲೇ ಇತ್ತು. ಊರೆಲ್ಲ ಅವನ ಹಿಂದೆ ಬಲಕ್ಕೆ ಹೋಯಿತು. ಇಳಿಸಿದ ಭಾರವನ್ನು ಮತ್ತೆ ತಲೆಗೆ ಏರಿಸಲು ಇನ್ನೊಂದು ಕೈ ಬೇಕು. ಮೈಲವ್ವ ಅತ್ತ ಇತ್ತ ನೋಡಿದಳು. ಕವಲಿನಲ್ಲಿ ನಿಂತ ಹೆಂಗಸರ ಕಡೆಗೂ ನೋಡಿದಳು. ಯಾರೂ ಹೆಜ್ಜೆ ಎತ್ತಿಡಲಿಲ್ಲ. ಅವಳು ಕುಕ್ಕರಗಾಲಲ್ಲಿ ಕುಳಿತು, ಕಲ್ಲನ್ನು ಎದೆಗೆ ಅವಚಿಕೊಂಡು, ಸೆರಗು ಹೊದಿಸಿ, ಕೂಸನ್ನು ಎತ್ತಿಕೊಂಡವಳ ಹಾಗೆ ಎದ್ದು ಗುಡ್ಡದ ಕಡೆ ನಡೆದಳು.